ತಂಗಿ ಕೂದಲು ಬಂತು, ನಂದು ಬರಲಿಲ್ಲ: ಹದಿಹರೆಯದಾಗ ಕೂದಲು ಉದುರಿದ್ರ ಮೊದಲು ಏನ್ ನೋಡಬೇಕು?

ಬೈಲಹೊಂಗಲ ಬಸ್ ಸ್ಟ್ಯಾಂಡಿನಾಗ ಗಾಡಿ ಕಾಯ್ಕೋತ ಕೇಳಾಕತ್ತವರಿಗೆ, ಕಿತ್ತೂರಿನಿಂದ ಧಾರವಾಡಕ್ಕ ಕಾಲೇಜಿಗೆ ಹೊಂಟವರಿಗೆ, ಸವದತ್ತಿ, ರಾಮದುರ್ಗದಾಗ ಊಟ ಮುಗಿಸಿ ಹಾಸಿಗಿ ಮ್ಯಾಲೆ ಬಿದ್ದು ಕೇಳಾಕತ್ತವರಿಗೆ, ಎಲ್ಲಾರಿಗೂ ಸ್ವಾಗತ.

ಇವತ್ತಿನ ವಿಷಯ ಕೂದಲು. ನಗಬ್ಯಾಡ್ರಿ. ಈ ವಿಷಯದ ಬಗ್ಗೆ ನನಗ ಬರೋ ಮೆಸೇಜ್ ಎಲ್ಲಾ ರಾತ್ರಿ 11ರ ಮ್ಯಾಲೇನ ಬರ್ತಾವ. ಎಲ್ಲಾದರ ಕೊನಿಗೂ ಒಂದ ಸಾಲು: "ಅಣ್ಣಾ, ಎಪಿಸೋಡಿನಾಗ ನನ್ನ ಹೆಸರು ಹೇಳಬ್ಯಾಡ." ಕೂದಲು ಉದುರಿದ್ದಕ್ಕ ಹೆಸರು ಮುಚ್ಚಿಡಬೇಕಾಗೇತಿ ಅಂದ್ರ ಸಮಸ್ಯಾ ಬರೀ ತಲ್ಯಾಗಿಲ್ಲ. ಅದಕ್ಕ ಮೊದಲು ನನ್ನ ಕಥಿ ಹೇಳ್ತೀನಿ.

ಒಂದು ಮನಿ, ಎರಡು ತಲಿ, ಒಂದ ಎಣ್ಣಿ

ಎರಡನೇ ಪಿಯುಸಿಯಲ್ಲಿದ್ದಾಗ ನನಗ 17 ವರ್ಷ. ಆ ವರ್ಷ ನಮ್ಮ ಮನ್ಯಾಗ ಇಬ್ಬರ ಕೂದಲು ಉದುರಾಕತ್ತಿತ್ತು. ಒಂದು ನಂದು, ಇನ್ನೊಂದು ಒಂಬತ್ತನೇ ಕ್ಲಾಸಿನಾಗಿದ್ದ ನನ್ನ ತಂಗೀದು. ಆಕಿ ಮಳಿಗಾಲದಾಗ ಟೈಫಾಯ್ಡ್ ಬಂದು ಮೂರು ವಾರ ಮಲಗಿದ್ಲು. ದೀಪಾವಳಿ ಹೊತ್ತಿಗೆ ಹಣಿಗಿ ತುಂಬ ಕೂದಲು. ನನಗ ಜ್ವರ ಇಲ್ಲ, ಏನಿಲ್ಲ. ಹಣಿಯ ಎರಡೂ ಮೂಲ್ಯಾಗ ಕೂದಲು ಮೆಲ್ಲಕ ಹಿಂದ ಸರಕೋತ ಹೊಂಟಿತ್ತು.

ಅವ್ವ ಇಬ್ಬರಿಗೂ ಒಂದ ಎಣ್ಣಿ ತರಿಸಿದ್ಲು. ಬಾಟ್ಲಿಗೆ 499 ರೂಪಾಯಿ. ಮುಂದಿನ ಮಾರ್ಚ್ ಹೊತ್ತಿಗೆ ತಂಗಿ ಹಣಿಗಿ ಸ್ವಚ್ಛ ಆತು. ಹಣಿ ಮ್ಯಾಲೆ ಸಣ್ಣ ಸಣ್ಣ ಹೊಸಾ ಕೂದಲು ಎದ್ದು ನಿಂತಿದ್ವು. ನಂದು ಇನ್ನಷ್ಟು ಹಿಂದ ಹೋತು. ಮನ್ಯಾಗ ತೀರ್ಪು ಏನು ಬಂತು ಗೊತ್ತೇನ್ರಿ? "ಎಣ್ಣಿ ಚೊಲೋ ಐತಿ. ನೀನ ಸರಿಯಾಗಿ ಹಚ್ಚಿಲ್ಲ."

ನಾನು ಆ ತೀರ್ಪು ನಂಬಿದೆ. ಮತ್ತೂ ಮೂರು ಬಾಟ್ಲಿ ತಂದೆ. ಕಾಮರ್ಸ್ ಹುಡುಗ ನೋಡ್ರಿ, ಲೆಕ್ಕ ಇನ್ನೂ ನೆನಪೈತಿ. ನಾಲ್ಕು ಬಾಟ್ಲಿ ಎಣ್ಣಿ 1,996 ರೂಪಾಯಿ. ಮೂರು ಶಾಂಪೂ 720. ಬಯೋಟಿನ್ ಗುಳಿಗಿ ಎರಡು ಡಬ್ಬಿ 1,300. ಒಟ್ಟು 4,016 ರೂಪಾಯಿ. ಇದರಾಗ ಕ್ಲಾಸಿಗೆ ಹಾಕ್ಕೊಂಡು ಹೋದ ಕ್ಯಾಪಿನ ರೊಕ್ಕ ಸೇರಿಲ್ಲ. "ಟಕಲ್ಯಾ" ಅಂತ ಹಿಂದಿನ ಬೆಂಚಿನವರು ಕರದದ್ದು, ಕಾಕಾನ ಮಗಳ ಮದುವಿಯ ಒಂದ ಫೋಟೋದಾಗೂ ನಾ ಇಲ್ಲದ್ದು, ಅವನ್ನೆಲ್ಲ ಯಾವ ಖಾತೆಗೆ ಬರೀಬೇಕೋ ಗೊತ್ತಿಲ್ಲ.

ಡಿಗ್ರಿಗೆ ಬಂದ ಮ್ಯಾಲೆ ಒಮ್ಮೆ ಚರ್ಮದ ಡಾಕ್ಟರ ಕಡೆ ಹೋದೆ. ಫೀ 300 ರೂಪಾಯಿ. ಅವರು ತಲಿ ನೋಡಿ, ಅಪ್ಪನ ತಲಿ ಬಗ್ಗೆ ಕೇಳಿ, ತಂಗಿ ವಿಷಯ ಕೇಳಿ ಹತ್ತು ನಿಮಿಷದಾಗ ಹೇಳಿದ್ದು ಇಷ್ಟ: "ನಿನ್ನ ತಂಗೀದು ಎಣ್ಣಿ ಹಚ್ಚಿದ್ರೂ ಬರ್ತಿತ್ತು, ಹಚ್ಚದಿದ್ರೂ ಬರ್ತಿತ್ತು. ನಿಂದು ಬ್ಯಾರೆ ರೋಗ." ಅಂದ್ರ ನಮ್ಮ ಮನ್ಯಾಗ ಎರಡು ಬ್ಯಾರೆ ಬ್ಯಾರೆ ಕಾಯಿಲೆಗೆ ಒಂದ ಹೆಸರು ಇಟ್ಟಿದ್ವಿ: ಕೂದಲು ಉದುರೋದು. ಇವತ್ತು ನಾ ಹೇಳೋದು ಇದೊಂದ. ಏನ್ ಹಚ್ಚಬೇಕು ಅಂತ ಕೇಳೋಕಿಂತ ಮೊದಲು, ನಂದು ಯಾವ ಥರದ್ದು ಅಂತ ಕೇಳ್ರಿ.

ಕೂದಲಿನ ಉದ್ರಿ ಲೆಕ್ಕ

ನಮ್ಮ ತಲೆಯಲ್ಲಿ ಸುಮಾರು 1 ಲಕ್ಷ ಕೂದಲು ಇರುತ್ತವೆ. ಪ್ರತಿ ಕೂದಲಿಗೂ ತನ್ನದೇ ಟೈಮ್ ಟೇಬಲ್ ಇದೆ. ಎರಡರಿಂದ ಆರು ವರ್ಷ ಬೆಳೆಯುತ್ತದೆ, ತಿಂಗಳಿಗೆ ಹೆಚ್ಚುಕಮ್ಮಿ 1 ಸೆಂಟಿಮೀಟರ್. ಆಮೇಲೆ ಎರಡು ಮೂರು ತಿಂಗಳು ಬೆಳವಣಿಗೆ ನಿಲ್ಲಿಸಿ ಸುಮ್ಮನೆ ಕೂರುತ್ತದೆ. ಕೊನೆಗೆ ಉದುರಿ, ಅದೇ ಬೇರಿನಿಂದ ಹೊಸ ಕೂದಲು ಹುಟ್ಟುತ್ತದೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಆರೋಗ್ಯವಂತರಲ್ಲೂ ಮಾಮೂಲು. ಎರಡು ದಿನಕ್ಕೊಮ್ಮೆ ತಲೆ ಸ್ನಾನ ಮಾಡಿದರೆ ಆ ದಿನ ಹೆಚ್ಚು ಕಾಣುತ್ತದೆ, ಅಷ್ಟೇ.

ಈಗ ಜೋರು ಜ್ವರ ಬಂತು ಅಂತ ಇಟ್ಕೊಳ್ರಿ. ಟೈಫಾಯ್ಡ್, ಡೆಂಗಿ, ಕೋವಿಡ್, ಯಾವುದೇ ಇರಲಿ. ದೇಹ ಜೀವ ಉಳಿಸೋ ಕೆಲಸಕ್ಕೆ ಶಕ್ತಿ ಕೊಡುತ್ತದೆ, ಕೂದಲಿನ ಬೆಳವಣಿಗೆ ನಿಲ್ಲಿಸುತ್ತದೆ. ಒಂದೇ ಸಲಕ್ಕೆ ಸಾವಿರಾರು ಕೂದಲು ಸುಮ್ಮನೆ ಕೂರುವ ಹಂತಕ್ಕೆ ಹೋಗುತ್ತವೆ. ಅವೆಲ್ಲ ಉದುರೋದು ಎರಡು ಮೂರು ತಿಂಗಳ ಮೇಲೆ. ಕಿರಾಣಿ ಅಂಗಡಿ ಉದ್ರಿ ಇದ್ದಂಗ: ಸಾಮಾನು ಆಗಸ್ಟಿನಾಗ ಒಯ್ದಿರ್ತೀವಿ, ಬಿಲ್ಲು ನವೆಂಬರಿನಾಗ ಬರತೈತಿ. ಬಿಲ್ಲು ಬಂದಾಗ ನಾವು ಜ್ವರ ಮರ್ತಿರ್ತೀವಿ. ಶಾಂಪೂನ ಬೈತೀವಿ, ಹಾಸ್ಟೆಲ್ ನೀರು ಬೈತೀವಿ.

ಇದು ತಾನಾಗಿಯೇ ನಿಲ್ಲುತ್ತದೆ, ಸಾಮಾನ್ಯವಾಗಿ ಆರು ತಿಂಗಳೊಳಗೆ. ತಲೆ ಮೊದಲಿನಷ್ಟು ದಟ್ಟ ಕಾಣಲು ಒಂದು ವರ್ಷವೋ ಅದಕ್ಕಿಂತ ಹೆಚ್ಚೋ ಬೇಕು. ಈ ನಡುವೆ ನೀವು ಯಾವ ಎಣ್ಣೆ ಹಚ್ಚಿರುತ್ತೀರೋ ಅದಕ್ಕೆ ಹೆಸರು ಬರುತ್ತದೆ. ನಮ್ಮ ಮನೆಯ 499 ರೂಪಾಯಿ ಬಾಟ್ಲಿಗೆ ಬಂದದ್ದು ಇದೇ ಹೆಸರು.

ಕನ್ನಡಿ ಮುಂದೆ ನಿಂತು ನೋಡಿ: ಐದು ಥರ

ಒಂದನೇದು, ಈಗ ಹೇಳಿದ್ದು. ತಲೆ ತುಂಬ ಸಮನಾಗಿ ತೆಳುವಾಗುತ್ತದೆ, ಎಲ್ಲೂ ಬೋಳು ಜಾಗ ಕಾಣುವುದಿಲ್ಲ. ಜ್ವರ, ಆಪರೇಷನ್, ಊಟ ಬಿಟ್ಟು ಮಾಡಿದ ಡಯೆಟ್, ದೊಡ್ಡ ಮಾನಸಿಕ ಆಘಾತ, ಇವೆಲ್ಲ ಕಾರಣ ಆಗಬಹುದು. ಮೂರು ತಿಂಗಳ ಹಿಂದಿನ ಕ್ಯಾಲೆಂಡರ್ ತೆರೆದು ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಆರು ತಿಂಗಳಾದರೂ ನಿಲ್ಲದಿದ್ದರೆ ರಕ್ತ ಪರೀಕ್ಷೆ ಬೇಕು: ಹಿಮೋಗ್ಲೋಬಿನ್, ಕಬ್ಬಿಣಾಂಶ, ಥೈರಾಯ್ಡ್. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಶೇ 59.1, ಹುಡುಗರಲ್ಲಿ ಶೇ 31.1 ಮಂದಿಗೆ ರಕ್ತಹೀನತೆ ಇದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡೋ ನೀಲಿ ಗುಳಿಗಿ ನೆನಪೈತಿಲ್ಲ? ಕಿಟಕಿಯಿಂದ ಹೊರಗ ಒಗೀತಿದ್ವಿ. ಅದು ಕಬ್ಬಿಣಾಂಶದ ಗುಳಿಗಿ.

ಎರಡನೇದು, ನಾಣ್ಯದ ಗಾತ್ರದ ನುಣ್ಣನೆ ಜಾಗ. ಬಹಳ ಸಲ ಇದನ್ನ ಮೊದಲು ನೋಡೋದು ಕಟಿಂಗ್ ಅಂಗಡಿ ಕಾಕಾ, ಯಾಕಂದ್ರ ತಲಿ ಹಿಂದಿನ ಭಾಗ ನಮಗ ಕಾಣಂಗಿಲ್ಲ. "ಹುಳ ತಿಂದೈತಿ" ಅಂತಾರ. ಹುಳ ಇಲ್ಲ, ಏನಿಲ್ಲ. ಇದರ ಹೆಸರು ಅಲೋಪೇಶಿಯಾ ಏರಿಯೇಟಾ. ನಮ್ಮ ದೇಹದ ರಕ್ಷಣಾ ವ್ಯವಸ್ಥೆ ತಪ್ಪು ತಿಳಿದು ನಮ್ಮದೇ ಕೂದಲಿನ ಬೇರಿನ ಮೇಲೆ ದಾಳಿ ಮಾಡುತ್ತದೆ. ನೂರು ಜನರಲ್ಲಿ ಸುಮಾರು ಇಬ್ಬರಿಗೆ ಜೀವನದಲ್ಲಿ ಯಾವಾಗಲಾದರೂ ಇದು ಬರುತ್ತದೆ, ಬಹಳ ಸಲ ಚಿಕ್ಕ ವಯಸ್ಸಿನಲ್ಲೇ. ಒಬ್ಬರಿಂದ ಒಬ್ಬರಿಗೆ ಹತ್ತುವುದಿಲ್ಲ. ಬೇರು ಸತ್ತಿರುವುದಿಲ್ಲ, ಹಾಗಾಗಿ ಒಂದೆರಡು ಸಣ್ಣ ಕಲೆ ಇದ್ದವರಲ್ಲಿ ಬಹಳ ಜನಕ್ಕೆ ಒಂದು ವರ್ಷದೊಳಗೆ ಕೂದಲು ತಾನಾಗಿ ಬರುತ್ತದೆ. ಮತ್ತೆ ಹೋಗಲೂಬಹುದು. ಆ ಜಾಗಕ್ಕೆ ಬೆಳ್ಳುಳ್ಳಿ ಜಜ್ಜಿ ತಿಕ್ಕಿ ಚರ್ಮ ಸುಟ್ಟುಕೊಳ್ಳಬೇಡಿ.

ಮೂರನೇದು, ನಂದು. ಹುಡುಗರಲ್ಲಿ ಹಣೆಯ ಮೂಲೆ ಮತ್ತು ನೆತ್ತಿ, ಹುಡುಗಿಯರಲ್ಲಿ ಬೈತಲೆ ಅಗಲ ಆಗುತ್ತಾ ಹೋಗುವುದು. ಇದು ವಂಶದ್ದು. ಹರೆಯಕ್ಕೆ ಬಂದ ಮೇಲೆ ಹಾರ್ಮೋನಿನ ಪ್ರಭಾವದಿಂದ ಕೂದಲಿನ ಬೇರು ವರ್ಷ ವರ್ಷ ಸಣ್ಣದಾಗುತ್ತದೆ, 16, 17ಕ್ಕೇ ಶುರುವಾಗಬಹುದು. ತಾಯಿಯ ತಂದೆ ಬೋಳಾಗಿದ್ದರೆ ಮಾತ್ರ ಬರುತ್ತದೆ ಅನ್ನುವುದು ತಪ್ಪು, ಎರಡೂ ಕಡೆಯಿಂದ ಬರುತ್ತದೆ. ಹುಡುಗಿಯರಿಗೆ ಇದರ ಜೊತೆ ಮುಟ್ಟು ಏರುಪೇರು, ಮುಖದ ಮೇಲೆ ಮೊಡವೆ, ಗಲ್ಲದ ಮೇಲೆ ಕೂದಲು ಇದ್ದರೆ ಪಿಸಿಓಎಸ್ ಪರೀಕ್ಷೆ ಮಾಡಿಸಬೇಕು.

ನಾಲ್ಕನೇದು, ಕೆರೆತ, ಹೊಟ್ಟು, ತುಂಡಾದ ಕೂದಲು, ಕೆಲವೊಮ್ಮೆ ಕೀವು. ಇದು ಗಜಕರ್ಣದಂಥ ಶಿಲೀಂಧ್ರ ಸೋಂಕು, ಮಕ್ಕಳಲ್ಲಿ ಹೆಚ್ಚು. ಇದು ಮಾತ್ರ ಹತ್ತುತ್ತದೆ: ಹಣಿಗೆ, ಟೋಪಿ, ದಿಂಬಿನಿಂದ. ಬರೀ ಮುಲಾಮಿಗೆ ಹೋಗುವುದಿಲ್ಲ, ಡಾಕ್ಟರು ಹೊಟ್ಟೆಗೆ ಗುಳಿಗೆ ಕೊಡುತ್ತಾರೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟೀರಾಯ್ಡ್ ಕ್ರೀಮ್ ಹಚ್ಚಿದರೆ ಕೆರೆತ ನಿಂತಂತೆ ಕಂಡು ರೋಗ ಒಳಗೇ ಬೆಳೆಯುತ್ತದೆ.

ಐದನೇದು, ಎಳೆತ. ಹೈಸ್ಕೂಲಿಗೆ ಬಿಗಿಯಾಗಿ ಎರಡು ಜಡೆ ಹೆಣೆದು ರಿಬ್ಬನ್ ಕಟ್ಟಿ ವರ್ಷಗಟ್ಟಲೆ ಎಳೆದರೆ ಹಣೆಯಂಚಿನ ಕೂದಲು ಹೋಗುತ್ತದೆ. ಬೇಗ ಸಡಿಲ ಮಾಡಿದರೆ ಮರಳುತ್ತದೆ. ಇನ್ನು ಕೆಲವರು ಓದುತ್ತ ಕೂತಾಗ, ಟೆನ್ಶನ್ ಆದಾಗ ತಮ್ಮ ಕೂದಲನ್ನ ತಾವೇ ಕಿತ್ತುಕೊಳ್ಳುತ್ತಾರೆ. ನಿಲ್ಲಿಸಬೇಕು ಅಂದರೂ ಆಗುವುದಿಲ್ಲ. ಅದು ಕೆಟ್ಟ ಚಟ ಅಲ್ಲ, ಅದಕ್ಕೊಂದು ಹೆಸರಿದೆ, ಮನೋವೈದ್ಯರ ಹತ್ತಿರ ಚಿಕಿತ್ಸೆಯೂ ಇದೆ. ಅಂಥವರಿಗೆ ಬೈದ್ರ ಇನ್ನೂ ಹೆಚ್ಚಾಗತೈತಿ.

ಸವಳು ನೀರು, ಹೆಲ್ಮೆಟ್ ಮತ್ತೆ ರೀಲ್ಸ್ ಎಣ್ಣಿ

ನಮ್ಮ ಕಡೆ ಎಲ್ಲಾ ದೂರು ಮೊದಲು ಬೋರಿನ ನೀರಿಗೆ ಹೋಗತೈತಿ. ಸವಳು ನೀರಿನಲ್ಲಿ ತೊಳೆದ ಕೂದಲು ಒರಟಾಗುತ್ತದೆ, ಸಿಕ್ಕಾಗುತ್ತದೆ, ತುಂಡಾಗುತ್ತದೆ, ಇದು ನಿಜ. ಆದರೆ ನಾಣ್ಯದಂಥ ಬೋಳು ಆಗುವುದಾಗಲಿ, ಹಣೆ ಹಿಂದೆ ಸರಿಯುವುದಾಗಲಿ ನೀರಿನಿಂದ ಅಲ್ಲ. ಇಡೀ ಓಣಿ ಅದೇ ನೀರಿನಲ್ಲಿ ಸ್ನಾನ ಮಾಡುತ್ತದೆ. ಹೆಲ್ಮೆಟ್ಟಿಗೂ ಬೋಳುತಲೆಗೂ ಸಂಬಂಧ ಇಲ್ಲ. ತಲಿ ಉಳಿದ್ರ ಕೂದಲಿನ ಮಾತು, ಹೆಲ್ಮೆಟ್ ಹಾಕ್ಕೊಳ್ರಿ.

ಇನ್ನು ಎಣ್ಣೆ. ಎಣ್ಣೆ ಕೂದಲಿಗೆ ನುಣುಪು ಕೊಡುತ್ತದೆ, ಮುರಿಯುವುದನ್ನ ಕಡಿಮೆ ಮಾಡುತ್ತದೆ. ಅವ್ವ ತಲಿಗೆ ಎಣ್ಣಿ ತಿಕ್ಕಿದ್ರ ನಿದ್ದಿ ಚೊಲೋ ಬರತೈತಿ. ಅಷ್ಟಕ್ಕ ಹಚ್ಚ್ರಿ, ಯಾರ್ ಬ್ಯಾಡಂದ್ರು? ಬೋಳುತಲೆ ವಾಸಿ ಆಗತೈತಿ ಅಂತ 499 ಕೊಡಬ್ಯಾಡ್ರಿ.

ಒಂದು ಕಾನೂನಿನ ವಿಷಯ ಕೇಳ್ರಿ. 1945ರ ಔಷಧ ನಿಯಮಗಳಲ್ಲಿ ಷೆಡ್ಯೂಲ್ ಜೆ ಅಂತ ಒಂದು ಪಟ್ಟಿ ಇದೆ. ಆ ಪಟ್ಟಿಯಲ್ಲಿರುವ ಕಾಯಿಲೆ ವಾಸಿ ಮಾಡುತ್ತೇವೆ ಅಂತ ಯಾವ ಔಷಧಿಯ ಮೇಲೂ ಹೇಳಿಕೊಳ್ಳುವ ಹಾಗಿಲ್ಲ. ಕ್ಯಾನ್ಸರ್, ಏಡ್ಸ್ ಜೊತೆ ಆ ಪಟ್ಟಿಯಲ್ಲಿ ಬೋಳುತಲೆಯೂ ಇದೆ, ಹೊಸ ಕೂದಲು ಬೆಳೆಸುವುದೂ ಇದೆ. ಹಾಗಾಗಿ "90 ದಿನದಲ್ಲಿ ಗ್ಯಾರಂಟಿ" ಅಂದವರ ರೀಲ್ ಬಂದ್ರ ಸ್ಕ್ರೋಲ್ ಮಾಡ್ರಿ. ಗ್ಯಾರಂಟಿ ಅನ್ನೋ ಮಾತ ಮೊದಲ ಅನುಮಾನ.

ಹಂಗಾದ್ರ ಔಷಧ ಇಲ್ಲೇನು?

ಐತಿ. ಆದ್ರ ಯಾವ ಥರಕ್ಕ ಯಾವುದು ಅನ್ನೋದು ಮುಖ್ಯ. ಅಲೋಪೇಶಿಯಾ ಏರಿಯೇಟಾಕ್ಕೆ ಡಾಕ್ಟರು ಮುಲಾಮು ಕೊಡುತ್ತಾರೆ, ಸ್ವಲ್ಪ ದೊಡ್ಡವರಿಗೆ ಕಲೆಯ ಜಾಗಕ್ಕೇ ಸಣ್ಣ ಸೂಜಿಯಿಂದ ಸ್ಟೀರಾಯ್ಡ್ ಇಂಜೆಕ್ಷನ್ ಹಾಕುತ್ತಾರೆ. ತಲೆಯ ಬಹುಭಾಗ ಹೋದವರಿಗೆ ಹೊಸ ಗುಳಿಗೆಗಳೂ ಬಂದಿವೆ. 12 ವರ್ಷ ಮೇಲ್ಪಟ್ಟವರಿಗೆ ಕೊಡಬಹುದಾದ ರಿಟ್ಲೆಸಿಟಿನಿಬ್ ಅನ್ನುವ ಔಷಧಕ್ಕೆ ಅಮೆರಿಕದಲ್ಲಿ 2023ರ ಜೂನ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಇವು ದೇಹದ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವ ಔಷಧಗಳು. ತಜ್ಞರ ಕಣ್ಣೆದುರು ಮಾತ್ರ, ಪರೀಕ್ಷೆ ಮಾಡಿಸಿಕೊಂಡೇ ತೆಗೆದುಕೊಳ್ಳಬೇಕು.

ವಂಶದ ಬೋಳಿಗೆ ಎಲ್ಲರೂ ಕೇಳಿರೋ ಹೆಸರು ಮಿನಾಕ್ಸಿಡಿಲ್. ಇದು ಮೊದಲು ಬಿಪಿ ಗುಳಿಗೆ ಆಗಿತ್ತು. ಅದನ್ನ ತೆಗೆದುಕೊಂಡವರ ಮೈಮೇಲೆ ಕೂದಲು ಬೆಳೆದದ್ದು ನೋಡಿ ತಲೆಗೆ ಹಚ್ಚುವ ದ್ರಾವಣ ಮಾಡಿದರು. 1988ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇದು ಬೋಳುತಲೆಯನ್ನ ಅಳಿಸುವುದಿಲ್ಲ, ನಿಧಾನ ಮಾಡುತ್ತದೆ, ಕೆಲವರಿಗೆ ಸ್ವಲ್ಪ ಮರಳಿ ತರುತ್ತದೆ. ಫಲ ಕಾಣಲು ನಾಲ್ಕು ತಿಂಗಳಾದರೂ ಬೇಕು. ಶುರುವಿನಲ್ಲಿ ಇನ್ನೂ ಹೆಚ್ಚು ಉದುರಬಹುದು. ಹಚ್ಚುವುದು ಬಿಟ್ಟರೆ ಬಂದದ್ದು ಮತ್ತೆ ಹೋಗುತ್ತದೆ. ಡಬ್ಬಿಯ ಮೇಲೇ 18 ವರ್ಷ ತುಂಬಿದವರಿಗೆ ಅಂತ ಇರುತ್ತದೆ. ಅದಕ್ಕಿಂತ ಸಣ್ಣವರು ಡಾಕ್ಟರು ಹೇಳದೆ ಮುಟ್ಟಬೇಡಿ. ಫಿನಾಸ್ಟರೈಡ್ ಗುಳಿಗೆ ಹಾರ್ಮೋನಿನ ಮೇಲೆ ಕೆಲಸ ಮಾಡುತ್ತದೆ, ಅದು ಹದಿಹರೆಯದವರಿಗೆ ಅಲ್ಲವೇ ಅಲ್ಲ. ಗೆಳೆಯ ಕೊಟ್ಟ ಅಂತ ನುಂಗಬ್ಯಾಡ್ರಿ.

ಕೂದಲು ಕಸಿ? 18, 19ಕ್ಕೆ ಅವಸರ ಬೇಡ. ಬೋಳು ಎಲ್ಲಿಯವರೆಗೆ ಹೋಗುತ್ತದೆ ಅಂತ ಆ ವಯಸ್ಸಿನಲ್ಲಿ ಗೊತ್ತಾಗಿರುವುದಿಲ್ಲ. ಈಗ ಮುಂದೆ ನೆಟ್ಟರೆ, ನಾಳೆ ಅದರ ಹಿಂದಿನದು ಉದುರಿ ನಡುವೆ ಖಾಲಿ ಆಗುತ್ತದೆ.

ಎಲ್ಲಿ ತೋರಿಸಬೇಕು? ಬೈಲಹೊಂಗಲ, ಸವದತ್ತಿ, ರಾಮದುರ್ಗದವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಚರ್ಮದ ಡಾಕ್ಟರು ಯಾವ ದಿನ ಸಿಗುತ್ತಾರೆ ಕೇಳಿ. ಹದಿಹರೆಯದವರಿಗಂತಲೇ ಸರಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇರುತ್ತವೆ, ಅಲ್ಲೂ ಕೇಳಬಹುದು. ಹೆಚ್ಚಿನ ಪರೀಕ್ಷೆ ಬೇಕಾದರೆ ಬೆಳಗಾವಿಯ ಬಿಮ್ಸ್ ಜಿಲ್ಲಾಸ್ಪತ್ರೆ ಇದೆ. ಹೋಗುವಾಗ ಮೂರು ವಿಷಯ ಬರೆದುಕೊಂಡು ಹೋಗಿ: ಯಾವಾಗ ಶುರುವಾಯಿತು, ಅದಕ್ಕೆ ಮೂರು ತಿಂಗಳ ಹಿಂದೆ ಏನಾಗಿತ್ತು, ಇಲ್ಲಿಯವರೆಗೆ ಏನೇನು ಹಚ್ಚಿದ್ದೀರಿ.

ಕೂದಲು ನೋಡಿ ಹಣೆಬರಹ ಓದೋದು

ನಮ್ಮ ಭಾಗದಲ್ಲಿ ಕೂದಲು ಯಾವತ್ತೂ ಬರೀ ಕೂದಲಾಗಿರಲಿಲ್ಲ. ಕೂಸಿನ ಜವಳ ತೆಗೆಸಲು ಇಡೀ ಮನೆತನ ಗುಡ್ಡಕ್ಕೆ ಹೋಗುತ್ತದೆ. ಅದು ಭಕ್ತಿ, ಸಂಭ್ರಮ. ಆದರೆ ಇದೇ ಸೀಮೆಯಲ್ಲಿ ಇನ್ನೊಂದೂ ನಡೆದಿತ್ತು. ಹುಡುಗಿಯ ಕೂದಲು ಬಾಚದೆ, ತೊಳೆಯದೆ ಗಂಟುಗಟ್ಟಿ ಜಡೆಯಾದರೆ "ತಾಯಿ ಕರದಾಳ" ಅಂತ ಹೇಳಿ ಮುತ್ತು ಕಟ್ಟಿಬಿಡುತ್ತಿದ್ದರು. ತಲೆಯ ಮೇಲಿನ ಒಂದು ಗಂಟು ಆ ಹುಡುಗಿಯ ಇಡೀ ಬದುಕು ತೀರ್ಮಾನಿಸುತ್ತಿತ್ತು. ದೇವದಾಸಿ ಬಿಡುವುದನ್ನ ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ ಬಂದದ್ದು 1982ರಲ್ಲಿ.

ಇದನ್ನ ಯಾಕ ಹೇಳಿದೆ ಅಂದ್ರ, ಕೂದಲು ನೋಡಿ ಮನುಷ್ಯನ ಹಣೆಬರಹ ಓದೋ ಚಟ ನಮಗ ಇನ್ನೂ ಬಿಟ್ಟಿಲ್ಲ. ಹುಡುಗಿ ತಲ್ಯಾಗ ನಾಣ್ಯದಷ್ಟು ಬೋಳು ಕಂಡ್ರ "ಯಾರ ಕಣ್ಣು ತಾಗಿತೋ, ಮುಂದ ಇಕಿ ಮದುವಿ ಹೆಂಗ" ಅಂತ ಶುರು. ಹುಡುಗನಿಗೆ ಹಣಿ ಅಗಲ ಆದ್ರ ಅದ ದಿನಾ ಕಾಮಿಡಿ. 2017ರಲ್ಲಿ ರಾಜ್ ಬಿ. ಶೆಟ್ಟಿ ಅವರ 'ಒಂದು ಮೊಟ್ಟೆಯ ಕಥೆ' ಬಂದಾಗ ನಾ ಡಿಗ್ರಿಯಲ್ಲಿದ್ದೆ. ಬೋಳುತಲೆಯ ಕನ್ನಡ ಲೆಕ್ಚರರ್ ಆ ಚಿತ್ರದ ಹೀರೋ. ಬೋಳುತಲೆಯವನು ಹೀರೋನ ಗೆಳೆಯ ಆಗೋದು ಬಿಟ್ಟು ತಾನ ಹೀರೋ ಆಗಿದ್ದು ನಾ ಅದ ಮೊದಲ ನೋಡಿದ್ದು.

ದಿನಾ ಕ್ಲಾಸಿಗೆ ಹೋಗೋದು ಹೆಂಗ?

ನನಗ ಕೆಲಸಕ್ಕ ಬಂದದ್ದು ಹೇಳ್ತೀನಿ. ಒಂದು, ಒಬ್ಬರಿಗಾದ್ರೂ ಹೇಳ್ರಿ. ಉದ್ದ ಭಾಷಣ ಬ್ಯಾಡ: "ನನ್ನ ಕೂದಲು ಉದುರಾಕತ್ಯಾವ. ಹತ್ತೋ ರೋಗ ಅಲ್ಲ. ಡಾಕ್ಟರಿಗೆ ತೋರಿಸೇನಿ." ಇಷ್ಟ ಸಾಕು. ಒಬ್ಬನಿಗೆ ಗೊತ್ತಿದ್ರ ಯಾರರ ಕ್ಯಾಪ್ ಕಸ್ಕೊಂಡಾಗ ನಿಮ್ಮ ಪರವಾಗಿ ಒಬ್ಬ ನಿಂತಿರ್ತಾನ.

ಎರಡು, ದಿನಾ ಹಣಿಗಿಯೊಳಗಿನ ಕೂದಲು ಎಣಿಸಬ್ಯಾಡ್ರಿ. ತಿಂಗಳ 1ನೇ ತಾರೀಖು, ಒಂದ ಜಾಗ, ಒಂದ ಬೆಳಕಿನಾಗ ಒಂದು ಫೋಟೋ. ಡಾಕ್ಟರಿಗೂ ಅದ ಬೇಕು.

ಮೂರು, ಕ್ಲಾಸಿನಾಗ ಕ್ಯಾಪ್ ಅಥವಾ ಸ್ಕಾರ್ಫ್ ಬೇಕಂದ್ರ ಡಾಕ್ಟರ ಚೀಟಿ ತಗೊಂಡು ಮೊದಲ ಸರ್‌ಗೋ ಮೇಡಮ್‌ಗೋ ಕೊಡ್ರಿ. ಎಲ್ಲಾರ ಮುಂದ "ಟೋಪಿ ತಗಿ" ಅನಿಸಿಕೊಳ್ಳೋದು ತಪ್ಪತೈತಿ.

ಗೆಳೆಯರಿಗೆ ಒಂದು ಮಾತು: ಮದ್ದು ಹೇಳಬ್ಯಾಡ್ರಿ, ಅವರು ನಿಮಗಿಂತ ಹತ್ತು ಪಟ್ಟು ಗೂಗಲ್ ಮಾಡಿರ್ತಾರ. ಆಟಕ್ಕ ಕರೀರಿ, ಫೋಟೋಕ್ಕ ಕರೀರಿ. ಅಪ್ಪ ಅವ್ವಗೋಳಿಗೆ: "ಬರೀ ಕೂದಲು ತಾನ" ಅನಬ್ಯಾಡ್ರಿ. 17ರ ವಯಸ್ಸಿನಾಗ ಅದು ಬರೀ ಕೂದಲಲ್ಲ.

ಊಟ ಸೇರದಿದ್ದರೆ, ಕಾಲೇಜು ಬಿಟ್ಟು ರೂಮಿನಲ್ಲೇ ಕೂರುವಂತಾದರೆ, ಸಾಯಬೇಕು ಅನ್ನೋ ವಿಚಾರ ಬಂದರೆ, ಅದನ್ನ ಕೂದಲಿನ ಸಮಸ್ಯೆ ಅಂತ ಮುಂದಕ್ಕೆ ಹಾಕಬೇಡಿ. ಟೆಲಿ ಮನಸ್ ನಂಬರ್ 14416. ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡುತ್ತಾರೆ.

ನನ್ನ ಕಥಿಯ ಕೊನಿ? 20ನೇ ವಯಸ್ಸಿಗೆ ಕಟಿಂಗ್ ಅಂಗಡಿಗೆ ಹೋಗಿ "ಕಾಕಾ, ಪೂರ್ತಿ ತೆಗದುಬಿಡ್ರಿ" ಅಂದೆ. ಕಾಕಾ ಗಾಬರಿಯಾಗಿ ಮನ್ಯಾಗ ಯಾರರ ತೀರಿಕೊಂಡ್ರೇನೋ ಅಂತ ಕೇಳಿದ್ರು. ಮನಿಗೆ ಬಂದಾಗ ಅವ್ವ ಒಂದು ದಿನ ಮಾತಾಡಲಿಲ್ಲ. ಎರಡನೇ ದಿನ ತಲಿ ಮುಟ್ಟಿ, "ಅಪ್ಪನಂಗ ಕಾಣಾಕತ್ತಿ" ಅಂದ್ಲು. ಹಂಗಂತ ಎಲ್ಲಾರೂ ಬೋಳಿಸ್ಕೊಳ್ರಿ ಅಂತ ಹೇಳಾಕತ್ತಿಲ್ಲ. ಔಷಧ ಬೇಕಂದವರು ತಗೊಳ್ರಿ, ವಿಗ್ ಬೇಕಂದವರು ಹಾಕ್ಕೊಳ್ರಿ, ಯಾವುದೂ ತಪ್ಪಲ್ಲ. ಆದ್ರ ಮೊದಲು 300 ರೂಪಾಯಿ ಕೊಟ್ಟು ಹೆಸರು ತಿಳ್ಕೊಳ್ರಿ, 4,016ರ ಲೆಕ್ಕ ಆಮ್ಯಾಲೆ.

ರಾತ್ರಿ 11ರ ಮ್ಯಾಲೆ ಮೆಸೇಜ್ ಹಾಕಿದವರಿಗೆಲ್ಲಾ ಒಂದ ಮಾತು: ನಿಮ್ಮ ಹೆಸರು ಎಲ್ಲೂ ಹೇಳಿಲ್ಲ. ನನ್ನ ಕಥಿ ಮಾತ್ರ ಹೇಳೇನಿ. ಈ ಎಪಿಸೋಡ್ ಬೇಕಾದವರು ನಿಮ್ಮ ಬೆಂಚಿನಾಗ ಇನ್ನೊಬ್ಬರು ಇರ್ತಾರ, ಸುಮ್ಮನ ಲಿಂಕ್ ಕಳಸ್ರಿ. ಮುಂದಿನ ವಾರ ಸಿಗೂಣು. ಬರ್ತೀನ್ರಿ.